ಒಣಮೀನಿನ ಬುಟ್ಟಿಯಲ್ಲಿ ಲಾಭವೆಷ್ಟು?

ಹೊರಗೆ ಜಡಿಮಳೆ ಹಿಡಿದಿರುವಾಗ, ಬಿಸಿ ಗಂಜಿಯ ಪಕ್ಕಕ್ಕೆ ಕೆಂಡದಲ್ಲಿ ಸುಟ್ಟ ಒಂದು ಒಣಬಂಗಡೆ ಇದ್ದರೆ ಬೇರೆ ಪಲ್ಯ ಯಾರಿಗೆ ಬೇಕು? ಕರಾವಳಿಯವರಿಗೂ ಘಟ್ಟದ ಮೇಲಿನವರಿಗೂ ಈ ರುಚಿ ಗೊತ್ತು. ಇವತ್ತು ನಾನು ಹೇಳಹೊರಟಿರುವುದು ಅದರ ರುಚಿಯ ವಿಷಯವಲ್ಲ, ದುಡ್ಡಿನ ವಿಷಯ. ಒಣಮೀನು, ಉಪ್ಪುಮೀನು, ಹೊಗೆಮೀನು ಮಾರಿ ಸಂಸಾರ ತೂಗಿಸುವ ಮನೆಗಳು ನಮ್ಮ ಮೂರು ಕರಾವಳಿ ಜಿಲ್ಲೆಗಳಲ್ಲೂ ಇವೆ. ಗದ್ದೆ ಕೆಲಸ ಮುಗಿದ ಮೇಲೆ ಬೇಸಗೆಯಲ್ಲಿ ಮೀನು ಒಣಹಾಕುವ ಬೇಸಾಯದ ಕುಟುಂಬಗಳೂ ಉಂಟು. ಈ ಕೆಲಸದಲ್ಲಿ ನಿಜವಾಗಿ ಕೈಯಲ್ಲಿ ಉಳಿಯುವುದೆಷ್ಟು?

ಘಟ್ಟದ ಮೇಲಿನ ಒಂದು ಸಂತೆಯಲ್ಲಿ ಈ ಮಾತು ಹುಟ್ಟಿತು. ಗೋಣಿ ಹಾಸಿ ಬೂತಾಯಿ, ಕೊಲ್ಲತರು, ಒಣಸಿಗಡಿ ಪಾಲು ಮಾಡಿ ಇಟ್ಟುಕೊಂಡು ಒಬ್ಬ ಅಕ್ಕ ಕೂತಿದ್ದರು. ಕೆಳಗಿನಿಂದ ಬೆಳಗಿನ ಬಸ್ಸಿಗೆ ಬಂದವರು.

"ವ್ಯಾಪಾರದಲ್ಲಿ ಲಾಭ ಹೇಗುಂಟು ಅಕ್ಕಾ?" ಎಂದೆ.

"ಲಾಭ ಇಲ್ದೆ ಏನು ತಮ್ಮಾ? ದಕ್ಕೆಯಲ್ಲಿ ಕಿಲೋಗೆ 30 ರೂಪಾಯಿ ಕೊಟ್ಟು ತಂದ ಬೂತಾಯಿ. ಇಲ್ಲಿ 200ಕ್ಕೆ ಹೋಗ್ತದೆ."

"ಹಾಗಾದ್ರೆ ಈ ವರ್ಷ ಎಷ್ಟು ಉಳೀತು?"

ಅಕ್ಕ ನಕ್ಕರು. "ಅದೇ ಗೊತ್ತಾಗೂದಿಲ್ಲ. ದುಡ್ಡು ಕೈಗೆ ಬರ್ತದೆ, ಎಲ್ಲಿಗೆ ಹೋಗ್ತದೋ ತಿಳಿಯೂದಿಲ್ಲ. ಸಾಲ ಮಾತ್ರ ಇದ್ದಲ್ಲೇ ಉಂಟು."

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನಿಮಗೆ ತಿಳಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ. ನಿಮ್ಮೂರ ದರ ಬೇರೆ ಇದ್ದೀತು, ಮುಂದಿನ ತಿಂಗಳ ದರವೂ ಬೇರೆಯಾದೀತು. ಲೆಕ್ಕದ ದಾರಿ ಮಾತ್ರ ಇದೇ.

ಮೀನು ರಾಶಿ ಬಿದ್ದ ದಿನ 100 ಕಿಲೊ ಹಸಿ ಬೂತಾಯಿ ಕೊಂಡಿರಿ ಎನ್ನಿ. ಕಿಲೊಗೆ 30ರಂತೆ 3000 ರೂಪಾಯಿ. ಉಪ್ಪು 25 ಕಿಲೊಗೆ 200. ದಕ್ಕೆಯಿಂದ ಮನೆಗೆ ಸಾಗಿಸಿದ ಬಾಡಿಗೆ 300. ತೊಳೆಯುವುದು, ಉಪ್ಪು ಹಾಕುವುದು, ಬಿಸಿಲಿಗೆ ಹರಡುವುದು, ಮಗುಚುವುದು, ಸಂಜೆ ಬಾಚಿ ಒಳಗಿಡುವುದು ಎಲ್ಲ ಸೇರಿ ಮೂರು ಆಳಿನ ಕೆಲಸ. 400 ರೂಪಾಯಿಯಂತೆ 1200. ಚಾಪೆ, ಬಲೆ, ಬುಟ್ಟಿ ಸವೆದದ್ದಕ್ಕೆ 100. ಒಟ್ಟು 4800 ರೂಪಾಯಿ ಆಯಿತು.

"ನನ್ನ ಮೈದುಡಿಮೆಗೆ ಕೂಲಿ ಯಾಕೆ ಬರೀತೀರಿ? ನಂಗೆ ಯಾರು ಕೂಲಿ ಕೊಡ್ತಾರೆ?" ಎಂದು ಅಕ್ಕ ಕೇಳಿದರು. ಬಹಳ ಮಂದಿ ಕೇಳುವ ಪ್ರಶ್ನೆ ಇದು. ನೀವು ಅದೇ ದಿನ ಇನ್ನೊಬ್ಬರ ತೋಟಕ್ಕೆ ಹೋಗಿದ್ದರೆ ಕೂಲಿ ಸಿಗುತ್ತಿತ್ತಲ್ಲವೆ? ಅದನ್ನು ಬಿಟ್ಟು ಮೀನಿನ ಹಿಂದೆ ನಿಂತಿರಿ. ಬಿಟ್ಟದ್ದೂ ಖರ್ಚೇ. ಅದನ್ನು ಬರೆಯದಿದ್ದರೆ ನಿಮ್ಮ ಕೂಲಿಯನ್ನೇ ನೀವು ಲಾಭ ಎಂದು ತಿಳಿದು ಮೋಸ ಹೋಗುತ್ತೀರಿ.

ಇನ್ನು ಆ 100 ಕಿಲೊ ಎಷ್ಟಾಗಿ ಇಳಿಯುತ್ತದೆ ನೋಡಿ. ಹಸಿಮೀನಿನಲ್ಲಿ ಮುಕ್ಕಾಲು ಪಾಲು ನೀರೇ. ಉಪ್ಪು ಹಾಕಿ ಚೆನ್ನಾಗಿ ಒಣಗಿಸಿದರೆ ಸುಮಾರು 35 ಕಿಲೊ ಉಳಿದೀತು. ಕಾಗೆ, ಬೆಕ್ಕು, ಮುರಿದದ್ದು, ಉದುರಿದ್ದು ಎಂದು 2 ಕಿಲೊ ಕಳೆಯಿರಿ. 33 ಕಿಲೊ ಆಯಿತು. 4800ನ್ನು 33ರಿಂದ ಭಾಗಿಸಿದರೆ ಕಿಲೊಗೆ 145 ರೂಪಾಯಿ ಬಿತ್ತು. 30 ರೂಪಾಯಿಯ ಮೀನು ಮನೆಯ ಅಂಗಳ ದಾಟುವ ಮೊದಲೇ 145 ಆಗಿ ಕೂತಿದೆ!

ಮುಂದೆ ಸಂತೆಯ ಖರ್ಚು. ಬಸ್ಸಿನ ಚಾರ್ಜು ಮತ್ತು ಹೊರೆಯ ಲಗೇಜು 250, ಸಂತೆ ಸುಂಕ 50, ಊಟ ಚಹ 80, ಅಕ್ಕನ ಆ ದಿನದ ಕೂಲಿ 400. ಒಟ್ಟು 780. ಅವರು ಒಂದು ಸಂತೆಯಲ್ಲಿ ಮಾರುವುದು ಹೆಚ್ಚೆಂದರೆ 15 ಕಿಲೊ. ಅಂದರೆ ಕಿಲೊಗೆ 52 ರೂಪಾಯಿ. 145ಕ್ಕೆ 52 ಕೂಡಿಸಿದರೆ 197. ಮಾರಿದ್ದು 200ಕ್ಕೆ. ಉಳಿದದ್ದು ಕಿಲೊಗೆ ಮೂರೇ ರೂಪಾಯಿ. 15 ಕಿಲೊಗೆ 45 ರೂಪಾಯಿ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಾ ತಮ್ಮಾ, ಇದ್ರ ಮೇಲೆ ಕೊಸರು ಬೇರೆ ಕೊಡ್ತೇನಲ್ಲ!" ಎಂದರು.

ಅದನ್ನೂ ಲೆಕ್ಕಕ್ಕೆ ಹಿಡಿದೆವು. ಕಿಲೊಗೆ ಒಂದು ಸಣ್ಣ ಹಿಡಿ, ಅಂದರೆ 50 ಗ್ರಾಂ ಕೊಸರು ಹಾಕಿದರೂ 15 ಕಿಲೊಗೆ ಮುಕ್ಕಾಲು ಕಿಲೊ ಆಯಿತು. ಅದರ ಬೆಲೆ 150 ರೂಪಾಯಿ. ಲಾಭ 45, ಕೊಸರು 150! ಮಿಕ್ಕ 105 ರೂಪಾಯಿ ಅಕ್ಕನ ಕೂಲಿಯಿಂದಲೇ ಹೋಯಿತು. ಕೊಸರು ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಕೊಸರಿಲ್ಲದ ಸಂತೆ ಸಂತೆಯೇ ಅಲ್ಲ, ಗಿರಾಕಿ ಮತ್ತೆ ಬರಬೇಕಾದರೆ ಕೈ ಸ್ವಲ್ಪ ಧಾರಾಳ ಇರಬೇಕು. ಆದರೆ ಕೊಸರನ್ನು ದರದೊಳಗೇ ಸೇರಿಸಿಕೊಂಡು ಹೋಗಿ. 210 ಹೇಳಿ ಕೊಸರು ಹಾಕಿದರೆ ನಿಮಗೂ ನಷ್ಟವಿಲ್ಲ, ಕೊಳ್ಳುವವರಿಗೂ ಸಂತೋಷ.

ಇಲ್ಲಿ ಒಂದು ವಿಚಿತ್ರ ಉಂಟು. ಅಕ್ಕನ ಊರಿಗೆ ಒಬ್ಬ ವರ್ತಕ ಬರುತ್ತಾನೆ. ಮನೆಬಾಗಿಲಲ್ಲೇ ತೂಗಿ ಕಿಲೊಗೆ 160 ಕೊಡುತ್ತಾನೆ. "ಸಂತೆಯಲ್ಲಿ 200 ಸಿಗುವಾಗ ಅವನಿಗೆ ಯಾಕೆ ಕೊಡೂದು?" ಎಂದು ಅಕ್ಕ ಕೊಟ್ಟಿರಲಿಲ್ಲ. ಈಗ ನೋಡಿ: 160ರಲ್ಲಿ 145 ಕಳೆದರೆ 15 ರೂಪಾಯಿ ಉಳಿಯುತ್ತದೆ. ಬಸ್ಸಿಲ್ಲ, ಸುಂಕವಿಲ್ಲ, ಕೊಸರಿಲ್ಲ. 15 ಕಿಲೊಗೆ 225 ರೂಪಾಯಿ.

ಹಾಗಾದರೆ ಸಂತೆಗೆ ಹೋಗುವುದೇ ದಂಡವೆ? ಅವಸರ ಪಡಬೇಡಿ. ಸಂತೆಗೆ ಹೋದ ದಿನ ಅಕ್ಕನಿಗೆ 45 ರೂಪಾಯಿ ಲಾಭದ ಜೊತೆಗೆ 400 ರೂಪಾಯಿ ಕೂಲಿಯೂ ಸಿಕ್ಕಿತಲ್ಲ! ಒಟ್ಟು 445. ಆ ದಿನ ಊರಿನಲ್ಲಿ ಬೇರೆ ಕೆಲಸ ಇಲ್ಲವೆಂದಾದರೆ, ವರ್ತಕನ 225ಕ್ಕಿಂತ ಸಂತೆಯ 445 ಮೇಲು. ಆದರೆ ನೆಟ್ಟಿಯ ದಿನ, ಕೊಯ್ಲಿನ ದಿನ, ಕೂಲಿಗೆ ಕರೆ ಇದ್ದರೆ ಮೀನನ್ನು ವರ್ತಕನಿಗೆ ಕೊಟ್ಟು 225, ಗದ್ದೆಯಲ್ಲಿ 400, ಸೇರಿ 625. ಒಂದೇ ಮೀನು, ಒಂದೇ ದರ. ಆ ದಿನ ಕೈಗೆ ಬೇರೆ ಕೆಲಸ ಉಂಟೋ ಇಲ್ಲವೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ. ವರ್ತಕರೆಲ್ಲ ಕಳ್ಳರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಸ್ಸು, ಬಿಸಿಲು, ಮಾರದೆ ಉಳಿದರೆ ಎಂಬ ಭಯ, ಇವನ್ನೆಲ್ಲ ಅವನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಅದಕ್ಕೆ ಅವನಿಗೂ ನಾಲ್ಕು ಕಾಸು ಬೇಕಷ್ಟೆ.

ಇವೆರಡಕ್ಕಿಂತ ಮೇಲಾದ ಮೂರನೆಯ ದಾರಿ ಇದೆ. ಇಬ್ಬರು ನೆರೆಹೊರೆಯವರು ಸೇರಿ 30 ಕಿಲೊ ಹೊರೆ ಮಾಡಿ, ಒಬ್ಬರೇ ಸಂತೆಗೆ ಹೋಗುವುದು. ಈ ವಾರ ನೀವು, ಬರುವ ವಾರ ಅವರು. ಲಗೇಜಿಗೆ 60 ರೂಪಾಯಿ ಹೆಚ್ಚು ಬಿದ್ದರೂ ಖರ್ಚು 840. ಕಿಲೊಗೆ 28 ಬಿತ್ತು. 200ರಲ್ಲಿ 145 ಮತ್ತು 28 ಕಳೆಯಿರಿ, 27 ರೂಪಾಯಿ ಉಳಿಯಿತು. ಮೂರು ರೂಪಾಯಿ ಇದ್ದದ್ದು 27 ಆಯಿತು, ದರವನ್ನು ಒಂದು ಪೈಸೆಯೂ ಏರಿಸಲಿಲ್ಲ. ಒಂದೇ ಸಂತೆಯಲ್ಲಿ 30 ಕಿಲೊ ಬೂತಾಯಿ ಹೋಗುತ್ತದೆಯೇ ಎಂದು ಕೇಳಬಹುದು. ಹೋಗದು. ಆದರೆ 12 ಕಿಲೊ ಬೂತಾಯಿ, 8 ಕಿಲೊ ಕೊಲ್ಲತರು, ಸ್ವಲ್ಪ ಬಂಗಡೆ, ಸ್ವಲ್ಪ ಸಿಗಡಿ ಎಂದು ಬಗೆಬಗೆ ಇದ್ದರೆ ಹೋಗುತ್ತದೆ. ಬೂತಾಯಿ ಕೊಳ್ಳಲು ಬಂದವರು ಚಟ್ನಿಗೆಂದು ಒಂದು ಪಾಲು ಸಿಗಡಿಯನ್ನೂ ಒಯ್ಯುತ್ತಾರೆ. ಒಬ್ಬರ ಮನೆಯಲ್ಲಿ ಎಲ್ಲ ಬಗೆಯೂ ಇರುವುದಿಲ್ಲ. ಅದಕ್ಕೇ ಇಬ್ಬರು ಸೇರಬೇಕು ಅನ್ನುವುದು.

ಇನ್ನು ನೀರಿನ ಮಾತು. ಒಣಮೀನಿನ ವ್ಯಾಪಾರದಲ್ಲಿ ಎಲ್ಲರನ್ನೂ ಕಾಡುವ ಆಸೆ ಇದು. ಎರಡು ದಿನದ ಬಿಸಿಲಿಗೇ ಎತ್ತಿಬಿಟ್ಟರೆ 35 ಕಿಲೊ ಬದಲು 45 ಕಿಲೊ ತೂಗುತ್ತದೆ. 10 ಕಿಲೊ ನೀರನ್ನು 200ರ ದರಕ್ಕೆ ಮಾರಿದರೆ 2000 ರೂಪಾಯಿ! ಮೇಲ್ನೋಟಕ್ಕೆ ಜಾಣತನ. ಆದರೆ ಘಟ್ಟದ ಮೇಲಿನ ಗೃಹಿಣಿ ಮೀನನ್ನು ಬಗ್ಗಿಸಿ ನೋಡುತ್ತಾಳೆ, ಹೊಟ್ಟೆಯ ಭಾಗ ಒತ್ತಿ ನೋಡುತ್ತಾಳೆ. ಮೆತ್ತಗಿದ್ದರೆ 150ಕ್ಕೆ ಕೇಳುತ್ತಾಳೆ. 45 ಕಿಲೊ 150ರಂತೆ 6750, ಒಣಗಿದ 35 ಕಿಲೊ 200ರಂತೆ 7000. ಅದೂ ಆ ವಾರವೇ ಮಾರಿ ಮುಗಿದರೆ ತಾನೆ? ಮುಗಿಯದೆ ಉಳಿದದ್ದು ಗೋಣಿಯೊಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಒಂದು ಸಲ ಬೂಷ್ಟು ಹಿಡಿದ ಮೀನು ಒಯ್ದ ಗಿರಾಕಿ ಮರುವಾರ ನಿಮ್ಮ ಗೋಣಿಯ ಮುಂದೆ ನಿಲ್ಲುವುದಿಲ್ಲ. ಅರೆ ಒಣಗಿದ ಮೀನನ್ನು 'ಅರೆ ಒಣಗಿದ್ದು, ನಾಲ್ಕು ದಿನದೊಳಗೆ ಮುಗಿಸಿ' ಎಂದು ಹೇಳಿ ಹತ್ತಿರದಲ್ಲೇ ಮಾರಿದರೆ ತಪ್ಪೇನೂ ಇಲ್ಲ. ಅದನ್ನು ಒಣಮೀನು ಎಂದು ಹೆಸರಿಟ್ಟು ಘಟ್ಟ ಹತ್ತಿಸಬಾರದು. ಕೊಳ್ಳುವ ತಾಯಂದಿರಿಗೂ ಒಂದು ಮಾತು: ಮೆತ್ತಗಿನ ಮೀನು ಅಗ್ಗ ಸಿಕ್ಕಿತೆಂದು ಹಿಗ್ಗಬೇಡಿ, ನೀವು ನೀರು ಕೊಂಡಿರುತ್ತೀರಿ.

ಮರಳಿನ ಮೇಲೆ ಒಣಹಾಕುವ ಪದ್ಧತಿಯನ್ನಂತೂ ಬಿಡಬೇಕು. ಬಿದಿರಿನ ಚಪ್ಪರ ಕಟ್ಟಿ, ಸೊಂಟದ ಎತ್ತರದಲ್ಲಿ ಹಳೆಯ ಬಲೆ ಹಾಸಿ, ಅದರ ಮೇಲೆ ಹರಡಿ. ಕೆಳಗಿನಿಂದಲೂ ಗಾಳಿ ಆಡುವುದರಿಂದ ಬೇಗ ಒಣಗುತ್ತದೆ, ನಾಯಿ ಮುಟ್ಟುವುದಿಲ್ಲ, ಹಲ್ಲಿಗೆ ಮರಳು ಸಿಗುವುದಿಲ್ಲ. ನೊಣಕ್ಕೆ, ಹುಳಕ್ಕೆ ಎಂದು ಬೆಳೆಗೆ ಹೊಡೆಯುವ ಔಷಧಿಯನ್ನು ಮೀನಿಗೆ ಸಿಂಪಡಿಸುವವರಿದ್ದಾರೆಂದು ಕೇಳಿದ್ದೇನೆ. ಅದು ವಿಷ. ನಿಮ್ಮ ಮಗು ತಿನ್ನದ ಮೀನನ್ನು ಇನ್ನೊಬ್ಬರ ಮಗುವಿಗೆ ಮಾರಬೇಡಿ.

ಉಪ್ಪಿನಲ್ಲಿ ಜಿಪುಣತನ ಬೇಡ. ಬೂತಾಯಿಯಂಥ ಸಣ್ಣ ಮೀನಿಗೆ ನಾಲ್ಕು ಪಾಲು ಮೀನಿಗೆ ಒಂದು ಪಾಲು ಉಪ್ಪು ಸಾಕಾದೀತು, ದೊಡ್ಡದಾದರೆ ಸೀಳಿ ಮೂರಕ್ಕೆ ಒಂದು. ಹಿಂದಿನ ಕಾಲದಲ್ಲಿ ಉಪ್ಪೇ ಈ ಕಸುಬಿನ ಕುತ್ತಿಗೆ ಹಿಸುಕಿತ್ತು. ಬ್ರಿಟಿಷ್ ಸರಕಾರ ಉಪ್ಪಿಗೆ ಹಾಕಿದ್ದ ತೆರಿಗೆಯಿಂದ ಮೀನಿಗಿಂತ ಉಪ್ಪೇ ತುಟ್ಟಿಯಾಗಿ, ಬಡವರು ಉಪ್ಪು ಕಡಿಮೆ ಹಾಕಿ ಮೀನು ಕೆಡುತ್ತಿತ್ತು. ಫ್ರಾನ್ಸಿಸ್ ಡೇ ಎಂಬ ಅಧಿಕಾರಿ 1873ರಲ್ಲಿ ಭಾರತದ ಕಡಲ ಮೀನುಗಾರಿಕೆಯ ಬಗ್ಗೆ ವರದಿ ಬರೆದ. ಅದೇ ದಶಕದಿಂದ ಮದರಾಸು ಪ್ರಾಂತ್ಯದ ಕರಾವಳಿಯಲ್ಲಿ, ಆಗ ಅದಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲೂ, ಸರಕಾರಿ ಮೀನು ಉಪ್ಪೂಡುವ ಅಂಗಳಗಳು ತೆರೆದವು. ಆ ಬೇಲಿಯೊಳಗೆ ಮಾತ್ರ ತೆರಿಗೆ ಇಲ್ಲದ ಉಪ್ಪು. ಅಂಕೋಲೆಯ ಜನ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ್ದು ನಿಮಗೆ ತಿಳಿದದ್ದೇ. 1947ರಲ್ಲಿ ಆ ತೆರಿಗೆ ಹೋಯಿತು. ಈಗ ನಮ್ಮ ಲೆಕ್ಕದ 4800ರಲ್ಲಿ ಉಪ್ಪಿನ ಪಾಲು 200 ಮಾತ್ರ. ಅದರಲ್ಲಿ 50 ಉಳಿಸಲು ಹೋಗಿ 4800ನ್ನು ಪಣಕ್ಕೆ ಒಡ್ಡಬೇಡಿ. ಕೊಳಕು ಉಪ್ಪು ಹಾಕಿದರೂ ಮೀನಿನ ಮೇಲೆ ಕೆಂಪು ಬಣ್ಣ ಹಬ್ಬಿ ಕೆಡುತ್ತದೆ, ನೆನಪಿರಲಿ.

ಈಗ ಮಳೆಗಾಲದ ದರದ ವಿಷಯ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಹಸಿಮೀನು ಕಡಿಮೆಯಾಗಿ ಒಣಮೀನಿನ ದರ ಏರುತ್ತದೆ. ಏಪ್ರಿಲಿನಲ್ಲಿ 200 ಇದ್ದದ್ದು ಜುಲೈಯಲ್ಲಿ 280 ಆಯಿತೆನ್ನಿ. ಇಟ್ಟು ಮಾರಿದರೆ ಲಾಭವೆ? ಅದು ಎರಡು ವಿಷಯಗಳ ಮೇಲೆ ಹೋಗುತ್ತದೆ: ನಿಮ್ಮ ಅಟ್ಟ ಎಷ್ಟು ಒಣ, ನೀವು ತಂದ ದುಡ್ಡು ಯಾರದ್ದು.

ಹಾಕಿದ 4800ಕ್ಕೂ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯಾದರೆ ಮೂರು ತಿಂಗಳಿಗೆ 720. ಚೆನ್ನಾಗಿಟ್ಟರೂ 3 ಕಿಲೊ ಕರಗಿ 30 ಕಿಲೊ ಉಳಿಯಿತು. ಕಿಲೊಗೆ 184 ಬಿತ್ತು, ಒಬ್ಬರೇ ಸಂತೆಗೆ ಒಯ್ದ ಖರ್ಚು ಸೇರಿ 236. ಮಾರಿದ್ದು 280ಕ್ಕೆ, ಉಳಿದದ್ದು 44. ಅದೇ ದುಡ್ಡನ್ನು ಸ್ವಸಹಾಯ ಸಂಘದಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ತಂದಿದ್ದರೆ ಬಡ್ಡಿ 144 ಮಾತ್ರ, ಕಿಲೊಗೆ ಉಳಿಯುವುದು 63. ಇನ್ನು ನೆಲದ ಥಂಡಿಯಲ್ಲಿ ಗೋಣಿ ಒರಗಿಸಿಟ್ಟು 10 ಕಿಲೊ ಬೂಷ್ಟಿಗೂ ಹುಳಕ್ಕೂ ಹೋಯಿತೆನ್ನಿ. ಐದರ ಬಡ್ಡಿಯ ಜೊತೆಗೆ ಕಿಲೊಗೆ 292 ಬೀಳುತ್ತದೆ. 280ಕ್ಕೆ ಮಾರಿ 12 ರೂಪಾಯಿ ಕೈಯಿಂದ ಕೊಟ್ಟಂತಾಯಿತು. ಮೂರು ತಿಂಗಳು ಕಾದದ್ದಕ್ಕೆ ಇದು ಸಂಬಳ!

ಸಾಲದ ಇನ್ನೊಂದು ಉಪದ್ರವ ಬಡ್ಡಿಗಿಂತ ದೊಡ್ಡದು. ವರ್ತಕನಿಂದಲೇ ಮುಂಗಡ ತಂದಿದ್ದರೆ ಮೀನನ್ನು ಅವನಿಗೇ ಕೊಡಬೇಕು, ಅವನು ಹೇಳಿದ ದಿನ, ಅವನು ಹೇಳಿದ ದರಕ್ಕೆ. ಆಗ 160 ಕೊಡುವವನು 140 ಎನ್ನುತ್ತಾನೆ. ನಮ್ಮ ಖರ್ಚು 145. ಮೇಲೆ ಹೇಳಿದ ಸಂತೆ, ವರ್ತಕ, ಜೋಡಿ ಹೊರೆ ಎಂಬ ಮೂರು ದಾರಿಗಳಲ್ಲಿ ಆರಿಸುವ ಸ್ವಾತಂತ್ರ್ಯವೇ ಹೋಯಿತಲ್ಲ! ಅಕ್ಕನ ಸಾಲ 'ಇದ್ದಲ್ಲೇ' ಇದ್ದದ್ದು ಯಾಕೆಂದು ನನಗೆ ತಿಳಿದದ್ದು ಇಲ್ಲಿ. ಮೊದಲ ಎರಡು ವರ್ಷ ಅವರು ಹೀಗೇ ಕೊಟ್ಟಿದ್ದರು.

ಹೊಗೆ ಹಾಕಿದ ಮೀನಿನ ಬಗ್ಗೆ ಕೇಳಿ ಕೆಲವರು ಪತ್ರ ಬರೆದಿದ್ದೀರಿ. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ಒಲೆಯ ಮೇಲಿನ ಅಟ್ಟದಲ್ಲಿ ಹೊಳೆಮೀನು ಒಣಗಿಸುವುದು ಮಲೆನಾಡಿಗೆ ಹೊಸತಲ್ಲ. (ಮುಂಗಾರಿನ ಹತ್ತುಮೀನನ್ನು ಹೆಡಿಗೆಗಟ್ಟಲೆ ಹಿಡಿಯಬೇಡಿ. ಅವು ಮೊಟ್ಟೆಯಿಡಲು ಹೊರಟ ಮೀನು.) ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗಿಟ್ಟು ಕಟ್ಟಿಗೆಯಂತೆ ಗಟ್ಟಿಯಾಗುವ 'ಮಾಸ್' ಮಾಡುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಮನೆಯಲ್ಲಿ ಒಂದು ದಿನ ಹೊಗೆ ಹಿಡಿಸಿದ ಮೀನು ಅದಲ್ಲ. ಒಳಗೆ ನೀರು ಉಳಿದಿರುವುದರಿಂದ ನಾಲ್ಕೈದು ದಿನಕ್ಕೇ ಕೆಟ್ಟೀತು.

ಇಲ್ಲಿ ಲೆಕ್ಕ ಕೆಡಿಸುವುದು ಸೌದೆ. ಆಫ್ರಿಕದ ಘಾನಾ ದೇಶದ ಅಕ್ರಾ ಪಟ್ಟಣದ ಹತ್ತಿರ ಚೋರ್ಕರ್ ಎಂಬ ಮೀನುಗಾರರ ಕೇರಿ ಉಂಟು. ಅಲ್ಲಿ ಮೀನು ಕೊಂಡು ಹೊಗೆ ಹಾಕಿ ಮಾರುವವರೆಲ್ಲ ಹೆಂಗಸರೇ. ದುಂಡನೆಯ ಹಳೆ ಒಲೆಗಳು ಸೌದೆ ನುಂಗುತ್ತಿದ್ದವು. 1970ರ ಸುಮಾರಿಗೆ ಅಲ್ಲಿ ಆಯತಾಕಾರದ ಮಣ್ಣಿನ ಒಲೆ ಬಂತು. ಮರದ ಚೌಕಟ್ಟಿಗೆ ತಂತಿಬಲೆ ಬಿಗಿದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ತಟ್ಟೆಗಳೇ ಗೂಡಾಗಿ ಶಾಖವನ್ನೂ ಹೊಗೆಯನ್ನೂ ಹಿಡಿದಿಡುತ್ತವೆ. ಅದೇ ಬೆಂಕಿಗೆ ಹಲವು ಪಟ್ಟು ಮೀನು. ಕೇರಿಯ ಹೆಸರೇ ಒಲೆಗೂ ಬಂತು, ಅನೇಕ ದೇಶಗಳಿಗೆ ಹರಡಿತು. ನೀವು ಮಾಡಿದರೂ ತೆಂಗಿನ ಸಿಪ್ಪೆ, ಗಟ್ಟಿ ಮರದ ಸೌದೆ ಬಳಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಒಲೆಯ ಹತ್ತಿರವೂ ಬರಕೂಡದು. ಮೀನಿಗೆ ಮಸಿ ಹಿಡಿಯುವಷ್ಟು ದಟ್ಟ ಹೊಗೆಯೂ ಆರೋಗ್ಯಕ್ಕೆ ಕೆಟ್ಟದ್ದು. ಸಿಪ್ಪೆ ತೋಟದ್ದೇ ಆದರೂ ಅದಕ್ಕೆ ಬೆಲೆ ಕಟ್ಟಿ ಬರೆಯಿರಿ. ನಮ್ಮ ಸಂತೆಗಳಲ್ಲಿ ಹೊಗೆಮೀನಿಗೆ ಗೊತ್ತಾದ ದರವಿಲ್ಲ, ಗಿರಾಕಿಗೆ ಅಭ್ಯಾಸವೂ ಇಲ್ಲ. ಆದ್ದರಿಂದ ಎರಡು ಕಿಲೊ ಮಾಡಿ ಒಣಮೀನಿನ ಪಕ್ಕದಲ್ಲಿಟ್ಟು ನೋಡಿ. ಹೋದರೆ ಮುಂದಿನ ವಾರ ನಾಲ್ಕು ಕಿಲೊ. ಮೊದಲೇ ಸಾಲ ಮಾಡಿ ಒಲೆ ಕಟ್ಟಲು ಹೊರಡಬೇಡಿ.

ಲೆಕ್ಕ ಬರೆಯಲು ದೊಡ್ಡ ಓದು ಬೇಕಿಲ್ಲ. ಮಕ್ಕಳ ಹಳೆ ನೋಟು ಪುಸ್ತಕದಲ್ಲಿ ಪ್ರತಿ ಸಲವೂ ಹಸಿಮೀನಿನ ತೂಕ, ಒಣಗಿದ ಮೇಲಿನ ತೂಕ, ಕೊಟ್ಟ ದುಡ್ಡು, ಕೆಲಸ ಮಾಡಿದ ದಿನ, ಸಂತೆಯ ಖರ್ಚು, ಮಾರಿ ಬಂದದ್ದು ಇಷ್ಟು ಬರೆದರಾಯಿತು. ಒಣಗಿದ ಮೇಲಿನ ತೂಕವನ್ನು ಬರೆಯುವವರು ಬಹಳ ಕಡಿಮೆ. ಮುಖ್ಯವಾದ ಅಂಕಿ ಅದೇ. ಒಣಗಿಸುವ, ಹೊಗೆ ಹಾಕುವ ಕ್ರಮಗಳ ಬಗ್ಗೆ ನಿಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಬಹುದು. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರೂ ಈ ಕೆಲಸದ ಗೂಡುಗಳನ್ನು ರೂಪಿಸಿದ್ದಾರೆ.

ಸಂಜೆ ಬಸ್ಸು ಹೊರಡುವ ಹೊತ್ತಿಗೆ ಅಕ್ಕನ ಗೋಣಿಯಲ್ಲಿ ಒಂದೂವರೆ ಕಿಲೊ ಬೂತಾಯಿ ಉಳಿದಿತ್ತು. ಎಂದಿನ ಹಾಗೆ ಸಿಕ್ಕಿದ ದರಕ್ಕೆ ಕೊಟ್ಟು ಹೋಗಲಿಲ್ಲ. "ಚೆನ್ನಾಗಿ ಒಣಗಿದ್ದು ತಮ್ಮಾ, ಬರುವ ವಾರಕ್ಕೂ ಬರ್ತದೆ. ಆ ವಾರ ಪಕ್ಕದ ಮನೆಯವಳು ಬಂದ್ರೂ ಬಂದಾಳು, ಕೇಳಿ ನೋಡ್ತೇನೆ" ಎಂದು ಗೋಣಿಯ ಬಾಯಿ ಬಿಗಿದು ಬಸ್ಸು ಹತ್ತಿದರು.